ಕನ್ನಡಕ ಕಳಚಿದರೆ ಪೈಲಟ್ ಆಗಬಹುದೇ?



ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ನನ್ನಂಥ ಕಣ್ಣಿನ ಡಾಕ್ಟರರಿಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. "ಇವನಿಗೆ ಏರ್‌ಫೋರ್ಸ್‌ಗೆ ಸೇರ್ಬೇಕಂತೆ ಡಾಕ್ಟ್ರೇ. ಆದ್ರೆ ಕನ್ನಡಕ ಉಂಟಲ್ಲ, ಲೇಸರ್ ಮಾಡಿಸಿದ್ರೆ ಆಗ್ತದಾ?" ಈಚೆಗೆ 'ಇವನಿಗೆ' ಎನ್ನುವಷ್ಟೇ ಸಲ 'ಇವಳಿಗೆ' ಎಂದೂ ಕೇಳುತ್ತಾರೆ. 2018ರಲ್ಲಿ ಘಟ್ಟದ ಮೇಲಿನ ಚಿಕ್ಕಮಗಳೂರಿನ ಮೇಘನಾ ಶಾನುಭಾಗ್ ವಾಯುಪಡೆಯ ಯುದ್ಧವಿಮಾನದ ಪೈಲಟ್ ಆದರು. ಅಂದಿನಿಂದ ನಮ್ಮ ಕರಾವಳಿಯ ಎಂಜಿನಿಯರಿಂಗ್ ಕಾಲೇಜುಗಳ ಹುಡುಗಿಯರಿಗೂ ಈ ದಾರಿ ದೂರದ್ದು ಅನ್ನಿಸುವುದಿಲ್ಲ.

ಮಂಗಳೂರಿಗೆ ವಿಮಾನ ಹೊಸತೇನಲ್ಲ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರು ಬಂದ ಡಗ್ಲಸ್ ಡಿಸಿ-3 ವಿಮಾನ ಬಜಪೆಯ ಗುಡ್ಡದ ಮೇಲಿನ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಅಲ್ಲಿಂದೀಚೆಗೆ ಕೆಂಜಾರು, ಬಜಪೆ, ಕಾವೂರಿನ ಮಕ್ಕಳು ತಲೆ ಎತ್ತಿ ನೋಡುತ್ತಲೇ ದೊಡ್ಡವರಾದರು. ಆಸೆಗೆ ಇಲ್ಲಿ ಕೊರತೆಯಿಲ್ಲ. ಅಡ್ಡ ಬರುವುದು ಕನ್ನಡಕ. ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ ಇದೇ ಊರಿನಲ್ಲಿ ಸಿಗುತ್ತದೆ. ಹಾಗಾದರೆ ತೊಂದರೆ ಏನು? ಅದನ್ನೇ ಇವತ್ತು ಹೇಳಲು ಹೊರಟಿದ್ದೇನೆ. ಒಂದೇ ಸಾಲಿನಲ್ಲಿ ಉತ್ತರ ಬೇಕು ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಲೇಸರ್ ಮಾಡಿಸಿಕೊಂಡು ವಾಯುಪಡೆಯ ಪೈಲಟ್ ಆಗಲು ನಿಯಮದಲ್ಲಿ ಅವಕಾಶ ಇದೆ, ಆದರೆ ಎಲ್ಲ ಕಣ್ಣಿಗೂ ಇಲ್ಲ, ಎಲ್ಲ ವಯಸ್ಸಿಗೂ ಇಲ್ಲ. ಆದ್ದರಿಂದ ಮೊದಲು ಕಣ್ಣು ಅಳೆಯಿಸಿ, ಲೇಸರಿನ ಮಾತು ಆಮೇಲೆ.

ಪೈಲಟ್‌ನ ಕಣ್ಣು ಹೇಗಿರಬೇಕು ಎಂದು ವಾಯುಪಡೆ ಹೇಳುತ್ತದೆ? ಕನ್ನಡಕವಿಲ್ಲದೆ ಒಂದು ಕಣ್ಣು 6/6, ಅಂದರೆ ಅಕ್ಷರದ ಹಲಗೆಯಲ್ಲಿ ಪೂರ್ಣ ದೃಷ್ಟಿಯ ಸಾಲನ್ನು ಓದಬೇಕು, ಇನ್ನೊಂದು 6/9 ಆದರೂ ಓದಬೇಕು. ಆ 6/9 ಕೂಡ ಪ್ಲಸ್ ಪವರಿನ ಗಾಜು ಹಾಕಿದಾಗ 6/6ಕ್ಕೆ ಬರುವಂಥದ್ದಾಗಿರಬೇಕು. ಮೈನಸ್ ಪವರ್, ಅಂದರೆ ದೂರದ ಹಲಗೆ ಮಸುಕಾಗಿ ಕಾಣುವ ಸಮೀಪ ದೃಷ್ಟಿ, ಹಾರಾಟದ ವಿಭಾಗಕ್ಕೆ ಸೇರುವಾಗ ನಡೆಯುವುದಿಲ್ಲ. ಜೊತೆಗೆ ಬಣ್ಣ ಗುರುತಿಸುವ ಪರೀಕ್ಷೆ, ಎರಡೂ ಕಣ್ಣು ಹೊಂದಿಕೊಂಡು ಕೆಲಸ ಮಾಡುತ್ತವೆಯೇ ಎಂಬ ಪರೀಕ್ಷೆಗಳಿವೆ. ಬಣ್ಣಗುರುಡನ್ನು ಯಾವ ಲೇಸರೂ ಸರಿಪಡಿಸುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

"ಒಂದು ಕನ್ನಡಕಕ್ಕೆ ಇಷ್ಟೆಲ್ಲ ಯಾಕೆ?" ಎಂದು ತಾಯಂದಿರು ಕೇಳುವುದುಂಟು. ಯುದ್ಧವಿಮಾನ ಗಕ್ಕನೆ ತಿರುಗುವಾಗ ಪೈಲಟ್‌ನ ಮೈತೂಕ ಹಲವು ಪಟ್ಟು ಹೆಚ್ಚಿದಂತೆ ಆಗುತ್ತದೆ. ಒಂಬತ್ತು 'ಜಿ', ಅಂದರೆ ಒಂಬತ್ತು ಪಟ್ಟು, ಬಂತೆಂದರೆ 25 ಗ್ರಾಮಿನ ಕನ್ನಡಕ ಮೂಗಿನ ಮೇಲೆ 225 ಗ್ರಾಮಿನಷ್ಟು ಭಾರ ಹಾಕುತ್ತದೆ, ಕೆಳಗೆ ಜಾರುತ್ತದೆ. ಮೇಲೆ ಹೆಲ್ಮೆಟ್ಟು, ಬಾಯಿಗೆ ಆಮ್ಲಜನಕದ ಮಾಸ್ಕು, ರಾತ್ರಿಯಾದರೆ ಕಣ್ಣಿನ ಮುಂದೆ ನೈಟ್ ವಿಷನ್ ಗಾಗಲ್. ಇವುಗಳ ನಡುವೆ ಗಾಜು ಮಂಜಾದರೆ ಒರೆಸಿಕೊಳ್ಳಲು ಬಿಡುವಿಲ್ಲ. ಸೇವೆಯಲ್ಲಿರುವ ಅನುಭವಿ ಪೈಲಟ್‌ಗೆ ನಲವತ್ತು ದಾಟಿದ ಮೇಲೆ ಕನ್ನಡಕ ಬಂದರೆ ಅದಕ್ಕೆ ಬೇರೆ ವ್ಯವಸ್ಥೆ ಇದೆ. ಆದರೆ ಸೇರುವ ಹಂತದಲ್ಲೇ ಕನ್ನಡಕ ಇದ್ದವರನ್ನು ತೆಗೆದುಕೊಂಡು, ಮುಂದಿನ ಇಪ್ಪತ್ತು ವರ್ಷ ಆ ಪವರ್ ಎಲ್ಲಿಗೆ ಹೋಗುತ್ತದೋ ಎಂದು ಕಾಯಲು ವಾಯುಪಡೆ ಸಿದ್ಧವಿಲ್ಲ.

ಈಗ ಕಣ್ಣಿನ ಒಳಗೆ ಹೋಗೋಣ. ಸಾಮಾನ್ಯವಾಗಿ ದೊಡ್ಡವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 23ರಿಂದ 24 ಮಿಲಿಮೀಟರ್ ಉದ್ದ ಇರುತ್ತದೆ. ಸಮೀಪ ದೃಷ್ಟಿಯವರಲ್ಲಿ ಹೆಚ್ಚಿನವರ ಕಣ್ಣು ಅದಕ್ಕಿಂತ ಉದ್ದ. ಒಂದು ಮಿಲಿಮೀಟರ್ ಹೆಚ್ಚಾದರೆ ಕನ್ನಡಕದ ಪವರ್ ಹೆಚ್ಚುಕಡಿಮೆ ಎರಡೂವರೆಯಿಂದ ಮೂರರಷ್ಟು ಮೈನಸ್ ಕಡೆಗೆ ಹೋಗುತ್ತದೆ. ಬೆಳಕು ಹಿಂದಿನ ರೆಟಿನಾ ಪರದೆಯನ್ನು ಮುಟ್ಟುವ ಮೊದಲೇ ಒಂದಾಗಿ, ದೂರದ್ದೆಲ್ಲ ಮಸುಕಾಗುತ್ತದೆ. ಕಣ್ಣು ಉದ್ದವಾದಂತೆ ರೆಟಿನಾ ಹಿಗ್ಗಿ ತೆಳುವಾಗುತ್ತದೆ. ಅಂಚಿನಲ್ಲಿ ತೂತು ಬೀಳುವ, ಪರದೆ ಕಳಚುವ ಭಯ ಹೆಚ್ಚುತ್ತದೆ.

ಲೇಸರ್ ಏನು ಮಾಡುತ್ತದೆ? ಅದು ಮುಟ್ಟುವುದು ಮುಂದಿನ ಪಾರದರ್ಶಕ ಪೊರೆಯನ್ನು, ಕಾರ್ನಿಯಾವನ್ನು ಮಾತ್ರ. ಅದರ ನಡುಭಾಗವನ್ನು ಕೂದಲೆಳೆಗಿಂತ ಸಣ್ಣ ಪ್ರಮಾಣದಲ್ಲಿ ಹೆರೆದು ಚಪ್ಪಟೆ ಮಾಡುತ್ತದೆ, ಬೆಳಕು ಸರಿಯಾದ ಜಾಗಕ್ಕೆ ಹೋಗಿ ಬೀಳುತ್ತದೆ, ಕನ್ನಡಕ ಬೇಡವಾಗುತ್ತದೆ. ಆದರೆ ಕಣ್ಣಿನ ಉದ್ದ ಇದ್ದಷ್ಟೇ ಇರುತ್ತದೆ. ತೆಳುವಾದ ರೆಟಿನಾ ದಪ್ಪವಾಗುವುದಿಲ್ಲ. ಕನ್ನಡಕ ಬಿಡಲು ಇಷ್ಟು ಸಾಕು. ವಾಯುಪಡೆಯ ವೈದ್ಯರಿಗೆ ಸಾಲದು. ಅವರು ಹಲಗೆಯ ಮೇಲಿನ ಅಕ್ಷರ ಓದಿಸಿದ ಮೇಲೆ ಒಳಗಿನ ಕಣ್ಣು ಎಂಥದ್ದು ಎಂದೂ ನೋಡುತ್ತಾರೆ.

ಈ ಲೇಸರಿನ ಹುಟ್ಟಿನ ಕಥೆ ಕೇಳಲು ಸೊಗಸಾಗಿದೆ. ಮದರಾಸು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದ ರಂಗಸ್ವಾಮಿ ಶ್ರೀನಿವಾಸನ್ ಐಬಿಎಂ ಕಂಪೆನಿಯ ಪ್ರಯೋಗಾಲಯದಲ್ಲಿದ್ದರು. 1981ರ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಪ್ರಯೋಗಾಲಯಕ್ಕೆ ಒಯ್ದು, ಅದರ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿದರು. ಸುತ್ತಲಿನ ಭಾಗ ಸುಡದೆ, ಕರಕಲಾಗದೆ, ಬೇಕಾದಷ್ಟೇ ಕೆತ್ತಿ ಹೋಗಿತ್ತು. ಅವರೂ, ಜೊತೆಗಾರರಾದ ಜೇಮ್ಸ್ ವೈನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರೂ ಕಂಡುಕೊಂಡ ಈ ಸಂಗತಿಯೇ ಇವತ್ತಿನ ಲಾಸಿಕ್ ಮತ್ತು ಪಿಆರ್‌ಕೆ ಚಿಕಿತ್ಸೆಗಳ ಬುಡ. ಆ ಲೇಸರಿನ ಒಂದು ಮಿಡಿತ ತೆಗೆಯುವುದು ಮಿಲಿಮೀಟರಿನ ಸುಮಾರು ನಾಲ್ಕು ಸಾವಿರದಲ್ಲಿ ಒಂದು ಭಾಗವನ್ನು.

ಪಿಆರ್‌ಕೆಯಲ್ಲಿ ಕಾರ್ನಿಯಾದ ಮೇಲಿನ ತೆಳು ಪದರವನ್ನು ಸರಿಸಿ ನೇರವಾಗಿ ಲೇಸರ್ ಹಾಯಿಸುತ್ತಾರೆ. ಮೂರು ನಾಲ್ಕು ದಿನ ಉರಿ, ನೀರು ಸುರಿಯುವುದು, ಬೆಳಕು ನೋಡಲಾಗದಿರುವುದು ಇದ್ದೇ ಇರುತ್ತದೆ. ದೃಷ್ಟಿ ತಿಳಿಯಾಗಲು ವಾರಗಳು ಬೇಕು. ಲಾಸಿಕ್‌ನಲ್ಲಿ ಕಾರ್ನಿಯಾದ ಮೇಲ್ಭಾಗದ ಒಂದು ತೆಳು ಮುಚ್ಚಳವನ್ನು ಎತ್ತಿ, ಕೆಳಗೆ ಲೇಸರ್ ಮಾಡಿ, ಮುಚ್ಚಳವನ್ನು ಮತ್ತೆ ಅದೇ ಜಾಗಕ್ಕೆ ಕೂರಿಸುತ್ತಾರೆ. ಮರುದಿನವೇ ಹೆಚ್ಚಿನವರಿಗೆ ಚೆನ್ನಾಗಿ ಕಾಣುತ್ತದೆ. ಆದರೆ ಆ ಮುಚ್ಚಳ ಇರುವ ತನಕ, ಕಣ್ಣಿಗೆ ಬಲವಾದ ಏಟು ಬಿದ್ದರೆ ಅದು ಸರಿಯುವ ಸಣ್ಣ ಸಾಧ್ಯತೆಯೂ ಇರುತ್ತದೆ.

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಆಗುವುದು ಇಷ್ಟು. ಮರಗಟ್ಟಿಸುವ ಹನಿ ಹಾಕುತ್ತೇವೆ. ಚುಚ್ಚುಮದ್ದಿಲ್ಲ, ಪ್ರಜ್ಞೆ ತಪ್ಪಿಸುವುದಿಲ್ಲ. ರೆಪ್ಪೆ ಮುಚ್ಚದಂತೆ ಸಣ್ಣದೊಂದು ತಂತಿಯ ಕ್ಲಿಪ್ ಇಡುತ್ತೇವೆ. ಮೇಲೆ ಮಿನುಗುವ ಬೆಳಕೊಂದನ್ನು ನೋಡುತ್ತಲೇ ಇರಲು ಹೇಳುತ್ತೇವೆ. ಯಂತ್ರ ಟಕಟಕನೆ ಸದ್ದು ಮಾಡುತ್ತದೆ, ಕೂದಲು ಸುಟ್ಟಂಥ ವಾಸನೆ ಮೂಗಿಗೆ ಬರುತ್ತದೆ. ಹೆದರುವವರು ಹೆದರುವುದು ಆ ವಾಸನೆಗೇ. ಒಂದು ಕಣ್ಣಿಗೆ ಲೇಸರ್ ಹಾಯುವ ಹೊತ್ತು ಒಂದು ನಿಮಿಷವೂ ಇರುವುದಿಲ್ಲ. ಇಷ್ಟು ಬೇಗ ಮುಗಿಯುವುದರಿಂದಲೇ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ.

ಇನ್ನು ವಾಯುಪಡೆಯ ಷರತ್ತುಗಳಿಗೆ ಬರುತ್ತೇನೆ. ಕೇಳುವವರಲ್ಲಿ ವಿದ್ಯಾರ್ಥಿಗಳಿದ್ದರೆ ಬರೆದುಕೊಳ್ಳಿ. ಒಂದು, ಇಪ್ಪತ್ತು ವರ್ಷ ತುಂಬುವ ಮೊದಲು ಲೇಸರ್ ಮಾಡಿಸಿರಬಾರದು. ಎರಡು, ಮಾಡಿಸಿದ ಮೇಲೆ ಕನಿಷ್ಠ 12 ತಿಂಗಳು ಕಳೆದಿರಬೇಕು; ಪವರ್ ಸ್ಥಿರವಾಗಿರಬೇಕು, ಯಾವ ತೊಡಕೂ ಇರಬಾರದು. ಮೂರು, ಲೇಸರಿನ ಮೊದಲು ಪವರ್ ಆರಕ್ಕಿಂತ ಹೆಚ್ಚು ಇದ್ದಿರಬಾರದು. ನಾಲ್ಕು, ಕಣ್ಣಿನ ಉದ್ದ 25.5 ಮಿಲಿಮೀಟರ್ ಮೀರಿರಬಾರದು. ಐದು, ಲೇಸರ್ ಆದ ಮೇಲೆ ಉಳಿದ ಕಾರ್ನಿಯಾದ ದಪ್ಪ 450 ಮೈಕ್ರಾನಿಗಿಂತ ಕಡಿಮೆ ಇರಬಾರದು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಇವು ನಾನು ಬಲ್ಲ ನಿಯಮಗಳು. ಕಾಲಕಾಲಕ್ಕೆ ತಿದ್ದುಪಡಿ ಆಗುತ್ತಿರುತ್ತದೆ, ಆದ್ದರಿಂದ ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ಕೊನೆಯ ಮಾತೆಂದು ತಿಳಿಯಿರಿ. ನಿಯಮ ಹೆಸರಿಸುವುದು ಲಾಸಿಕ್ ಮತ್ತು ಪಿಆರ್‌ಕೆಯನ್ನು. ಬೇರೆ ಹೆಸರಿನ ಹೊಸ ವಿಧಾನವನ್ನು ಯಾರಾದರೂ ಸೂಚಿಸಿದರೆ, ಅದು ನಿಯಮದಲ್ಲಿದೆಯೇ ಎಂದು ನೋಡದೆ ಒಪ್ಪಬೇಡಿ.

ಈ ಅಂಕಿಗಳು ಬದುಕಿನಲ್ಲಿ ಹೇಗೆ ಬರುತ್ತವೆ ನೋಡಿ. ಇಬ್ಬರು ವಿದ್ಯಾರ್ಥಿಗಳಿದ್ದಾರೆ ಎಂದುಕೊಳ್ಳಿ. ಇಬ್ಬರದೂ ಮೈನಸ್ ನಾಲ್ಕು ಪವರ್. ಒಬ್ಬನ ಕಾರ್ನಿಯಾ 540 ಮೈಕ್ರಾನ್ ದಪ್ಪ, ಕಣ್ಣಿನ ಉದ್ದ 25.2. ಇನ್ನೊಬ್ಬನದು 500 ಮೈಕ್ರಾನ್, ಉದ್ದ 25.9. ಒಂದು ಪವರ್ ಇಳಿಸಲು ಸುಮಾರು 14 ಮೈಕ್ರಾನ್ ತೆಗೆಯಬೇಕು ಎಂದು ಇಟ್ಟುಕೊಂಡರೆ, ನಾಲ್ಕಕ್ಕೆ 56. ಮೊದಲನೆಯವನಿಗೆ 484 ಉಳಿಯುತ್ತದೆ, ಅವನು ದಾಟುತ್ತಾನೆ. ಎರಡನೆಯವನಿಗೆ 444 ಉಳಿಯುತ್ತದೆ. ಉದ್ದವೂ ಮಿತಿ ಮೀರಿದೆ. ಕನ್ನಡಕದ ಚೀಟಿ ಒಂದೇ, ಚಿಕಿತ್ಸೆಯ ಖರ್ಚು ಒಂದೇ, ಆದ ಮೇಲೆ ಇಬ್ಬರೂ ಹಲಗೆಯ ಕೊನೆಯ ಸಾಲು ಓದುತ್ತಾರೆ. ಆದರೂ ಒಬ್ಬ ಒಳಗೆ, ಒಬ್ಬ ಹೊರಗೆ. ಇದನ್ನು ಮೊದಲೇ ತಿಳಿಯಲು ಬೇಕಾದದ್ದು ಕಣ್ಣಿಗೆ ನೋವಿಲ್ಲದ, ಕೆಲವೇ ನಿಮಿಷದ ಎರಡು ಮೂರು ಅಳತೆಗಳು. ಅವನ್ನು ಬಿಟ್ಟು ಲೇಸರಿಗೆ ದಿನ ಗೊತ್ತು ಮಾಡುವುದೆಂದರೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ.

ಹಾಗೆ ಮಗನ ಕಣ್ಣಿನ ಉದ್ದ ಅಳೆದಾಗ ಒಬ್ಬ ತಾಯಿ ನನ್ನನ್ನು ಕೇಳಿದ್ದರು: "ಎಷ್ಟು ಬಂತು ಡಾಕ್ಟ್ರೇ?"

"ಇಪ್ಪತ್ತಾರು ದಾಟಿದೆ ಅಮ್ಮ."

"ಅದನ್ನು ಸ್ವಲ್ಪ ಕಮ್ಮಿ ಮಾಡ್ಲಿಕ್ಕೆ ಆಗುದಿಲ್ವಾ? ಮದ್ದು ಏನಾದ್ರೂ?"

"ಇಲ್ಲಮ್ಮ. ಕಣ್ಣು ಬೆಳೆದದ್ದು ಬೆಳೆದದ್ದೇ. ಹಿಂದೆ ಬರುದಿಲ್ಲ."

ಮಗ ಅಷ್ಟು ಹೊತ್ತು ಸುಮ್ಮನಿದ್ದವನು ಕೇಳಿದ್ದು ಒಂದೇ ಮಾತು: "ಸರ್, ಗ್ರೌಂಡ್ ಡ್ಯೂಟಿಗೆ ಕನ್ನಡಕ ನಡೀತದಾ?" ನಡೆಯುತ್ತದೆ, ಒಂದು ಮಿತಿಯವರೆಗೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ವಯಸ್ಸಿನ ಲೆಕ್ಕ ಇನ್ನೂ ಬಿಗಿಯಾದದ್ದು. ಪಿಯುಸಿ ಮುಗಿಸಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ, ಅಂದರೆ ಎನ್‌ಡಿಎಯ, ಪ್ರವೇಶ ಪರೀಕ್ಷೆ ಬರೆಯುವವರಿಗೆ ಇನ್ನೂ ಇಪ್ಪತ್ತಾಗಿರುವುದಿಲ್ಲ. ಆದ್ದರಿಂದ ಆ ಬಾಗಿಲಿಗೆ ಲೇಸರ್ ದಾರಿಯೇ ಅಲ್ಲ. ಎನ್‌ಡಿಎ ಮೂಲಕ ಪೈಲಟ್ ಆಗಬೇಕಾದರೆ ಹುಟ್ಟಿನಿಂದ ಬಂದ ಕಣ್ಣೇ ಸರಿಯಿರಬೇಕು. ಲೇಸರ್ ಮಾಡಿಸಿಕೊಂಡವರಿಗೆ ಇರುವುದು ಪದವಿಯ ನಂತರದ ಬಾಗಿಲು: ವರ್ಷಕ್ಕೆ ಎರಡು ಸಲ ನಡೆಯುವ ವಾಯುಪಡೆಯ ಎಎಫ್‌ಕ್ಯಾಟ್ ಪರೀಕ್ಷೆ, ಮೂರೂ ಪಡೆಗಳ ಸಿಡಿಎಸ್ ಪರೀಕ್ಷೆ, ಎನ್‌ಸಿಸಿ ವಾಯುದಳದ 'ಸಿ' ಸರ್ಟಿಫಿಕೇಟ್ ಇದ್ದವರಿಗೆ ವಿಶೇಷ ಪ್ರವೇಶ. ಇವುಗಳಲ್ಲಿ ಹಾರಾಟದ ವಿಭಾಗಕ್ಕೆ ವಯಸ್ಸು 20ರಿಂದ 24. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದ್ದವರಿಗೆ ಮಾತ್ರ 26ರ ತನಕ. ಇಪ್ಪತ್ತಕ್ಕೆ ಲೇಸರ್ ಮಾಡಿಸಿದರೂ 12 ತಿಂಗಳು ಕಾದು, ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ಮುಗಿಸುವಷ್ಟರಲ್ಲಿ ಇಪ್ಪತ್ತೆರಡು. ಇಪ್ಪತ್ತಮೂರಕ್ಕೆ ನೆನಪಾಗಿ ಲೇಸರಿಗೆ ಬಂದವರಿಗೆ ಕಾಲವೇ ಉಳಿದಿರುವುದಿಲ್ಲ. ಇನ್ನೊಂದು ಕಡೆ, ಹದಿನೆಂಟು ತುಂಬಿದ ಕೂಡಲೇ ಮದುವೆಗೋ ಕಾಲೇಜಿನ ಫೋಟೋಕ್ಕೋ ಲೇಸರ್ ಮಾಡಿಸಿಕೊಂಡು, ಆಮೇಲೆ ಪೈಲಟ್ ಆಗುವ ಮನಸ್ಸು ಮಾಡಿದವರಿದ್ದಾರೆ. ಅವರ ಕಣ್ಣು ಎಷ್ಟೇ ಚೊಕ್ಕವಾಗಿರಲಿ, ಇಪ್ಪತ್ತರ ನಿಯಮ ಅವರನ್ನು ಹೊರಗಿಡುತ್ತದೆ. ಅಂಥ ಆಸೆ ಎಲ್ಲೋ ಒಂದು ಮೂಲೆಯಲ್ಲಿದ್ದರೂ ಹತ್ತೊಂಬತ್ತರಲ್ಲಿ ಕಣ್ಣಿಗೆ ಲೇಸರ್ ತಗುಲಿಸಬೇಡಿ.

"ಹೇಳದಿದ್ದರೆ ಗೊತ್ತಾಗುತ್ತದೆಯೇ?" ಎಂದು ಮೆಲ್ಲಗೆ ಕೇಳುವವರೂ ಇದ್ದಾರೆ. ಗೊತ್ತಾಗುತ್ತದೆ. ಮೈಸೂರಿನಲ್ಲಿರುವಂಥ ವಾಯುಪಡೆಯ ಆಯ್ಕೆ ಮಂಡಳಿಯಲ್ಲಿ ಗೆದ್ದವರನ್ನು ತಪಾಸಣೆಗೆ ಕಳಿಸುವ ಕಡೆಗಳಲ್ಲಿ ಒಂದು ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. 1957ರಲ್ಲಿ ಆರಂಭವಾದ ಈ ಸಂಸ್ಥೆಯೇ ಗಗನಯಾನಕ್ಕೆ ಆಯ್ಕೆಯಾದ ಪೈಲಟ್‌ಗಳ ದೇಹವನ್ನೂ ಪರೀಕ್ಷಿಸಿದ್ದು. ಅಲ್ಲಿನ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಲಾಸಿಕ್ ಮುಚ್ಚಳದ ಅಂಚನ್ನು ಕಾಣಬಲ್ಲರು. ಕಾರ್ನಿಯಾದ ನಕ್ಷೆ ತೆಗೆದರೆ ನಡುವಿನ ಚಪ್ಪಟೆ ಜಾಗ ತಾನೇ ಹೇಳುತ್ತದೆ. ಲೇಸರ್ ಮಾಡಿಸಿದ ದಿನಾಂಕ, ಹಳೆಯ ಪವರ್, ಹಳೆಯ ದಪ್ಪ ಇರುವ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಂಡು ತೋರಿಸುವವನೇ ಜಾಣ.

ನಿಯಮ ಇಷ್ಟು ಕಟ್ಟುನಿಟ್ಟು ಯಾಕೆ ಎಂಬುದಕ್ಕೆ ಒಂದು ಹಳೆಯ ಘಟನೆ ಸಾಕು. ಲೇಸರಿಗೆ ಮೊದಲು ರೇಡಿಯಲ್ ಕೆರಟಾಟಮಿ ಎಂಬ ವಿಧಾನವಿತ್ತು. ರಷ್ಯಾದ ಸ್ವ್ಯಾತೊಸ್ಲಾವ್ ಫ್ಯೋದೊರೊವ್ 1970ರ ದಶಕದಲ್ಲಿ ಅದನ್ನು ಪ್ರಚಾರಕ್ಕೆ ತಂದರು. ಕಾರ್ನಿಯಾದ ಮೇಲೆ ಚಕ್ರದ ಅರಗಳಂತೆ ಗೀರುಗಳನ್ನು ಕೊಯ್ದು ಅದನ್ನು ಚಪ್ಪಟೆಯಾಗಿಸುವುದು. ಅಮೆರಿಕದ ಡಾ. ಬೆಕ್ ವೆದರ್ಸ್ ಆ ಚಿಕಿತ್ಸೆ ಮಾಡಿಸಿಕೊಂಡವರು. 1996ರ ಮೇ ತಿಂಗಳಲ್ಲಿ ಎವರೆಸ್ಟ್ ಏರುತ್ತಿದ್ದಾಗ, ಆಮ್ಲಜನಕ ಕಡಿಮೆಯಿರುವ ಎತ್ತರದಲ್ಲಿ ಅವರ ಕಾರ್ನಿಯಾ ಊದಿಕೊಂಡು ಆಕಾರ ಬದಲಿಸಿತು. ಕಣ್ಣು ಮಬ್ಬಾಗಿ ಅವರು ದಾರಿಯಲ್ಲೇ ನಿಲ್ಲಬೇಕಾಯಿತು. ಸಂಜೆ ಬಿರುಗಾಳಿ ಬಂತು. ಹಲವರು ಸತ್ತ ಆ ದುರಂತದಲ್ಲಿ ಅವರು ಕೈಬೆರಳುಗಳನ್ನೂ ಮೂಗನ್ನೂ ಹಿಮಕ್ಕೆ ಕಳೆದುಕೊಂಡು ಬದುಕಿ ಬಂದರು. ನೆಲದ ಮೇಲೆ ಚೆನ್ನಾಗಿದ್ದ ಕಣ್ಣು ಎತ್ತರದಲ್ಲಿ ಕೈಕೊಟ್ಟಿತು. ಆ ವಿಧಾನ ಮಾಡಿಸಿಕೊಂಡವರನ್ನು ನಮ್ಮ ವಾಯುಪಡೆ ಇವತ್ತಿಗೂ ತೆಗೆದುಕೊಳ್ಳುವುದಿಲ್ಲ.

ಲೇಸರಿನ ಮೇಲೆ ಸೇನೆಗಳಿಗೆ ನಂಬಿಕೆ ಬಂದದ್ದು ಪರೀಕ್ಷಿಸಿ, ಕಾದು ನೋಡಿದ ಮೇಲೆಯೇ. ಅಮೆರಿಕದ ನೌಕಾಪಡೆಯಲ್ಲಿ ಎಫ್-14 ಯುದ್ಧವಿಮಾನದ ಪೈಲಟ್ ಆಗಿದ್ದು, ಆಮೇಲೆ ನೇತ್ರವೈದ್ಯರಾದ ಸ್ಟೀವನ್ ಶಾಲ್‌ಹಾರ್ನ್ 1990ರ ದಶಕದಲ್ಲಿ ಸ್ಯಾನ್ ಡಿಯಾಗೋದಲ್ಲಿ ಸೈನಿಕರ ಕಣ್ಣುಗಳಲ್ಲಿ ಪಿಆರ್‌ಕೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅಮೆರಿಕದ ವಾಯುಪಡೆ ಲಾಸಿಕ್ ಆದವರಿಗೆ ಹಾರಾಟದ ಬಾಗಿಲು ತೆರೆದದ್ದು 2007ರಲ್ಲಿ. ಗಗನಯಾತ್ರಿಗಳ ಆಯ್ಕೆಗೆ ನಾಸಾ ಅದನ್ನು ಒಪ್ಪಿದ್ದೂ ಅದೇ ವರ್ಷ.

ಲೇಸರಿನ ನಂತರ ಕೆಲವರಿಗೆ ಕಣ್ಣು ಒಣಗುತ್ತದೆ. ರಾತ್ರಿ ದೀಪದ ಸುತ್ತ ಬೆಳಕಿನ ಬಳೆ ಕಾಣುತ್ತದೆ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ. ಹುಟ್ಟಿನಿಂದ ದುರ್ಬಲ ಕಾರ್ನಿಯಾ ಇದ್ದವರಿಗೆ ಲೇಸರ್ ಮಾಡಿದರೆ ಅದು ಉಬ್ಬಿ ದೃಷ್ಟಿಯೇ ಹಾಳಾಗಬಹುದು. ಅದಕ್ಕೇ ಮೊದಲು ಕಾರ್ನಿಯಾದ ನಕ್ಷೆ ತೆಗೆಯುವುದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ಅಳತೆಗೆ ಮೊದಲು ಡಾಕ್ಟರ್ ಹೇಳಿದಷ್ಟು ದಿನ ಲೆನ್ಸ್ ಬಿಡಬೇಕು, ಇಲ್ಲವಾದರೆ ನಕ್ಷೆಯೇ ತಪ್ಪು ಬರುತ್ತದೆ. ಆದ್ದರಿಂದ ನನ್ನ ಸಲಹೆ ಇದು: ವಾಯುಪಡೆ ತೆಗೆದುಕೊಳ್ಳದಿದ್ದರೂ ನನಗೆ ಈ ಚಿಕಿತ್ಸೆ ಬೇಕು ಎಂದು ಹೇಳಬಲ್ಲವರು ಮಾತ್ರ ಮಾಡಿಸಿಕೊಳ್ಳಲಿ. ಯಾಕೆಂದರೆ ಕಣ್ಣು ದಾಟಿದ ಮೇಲೂ ಲಿಖಿತ ಪರೀಕ್ಷೆ ಇದೆ, ಐದು ದಿನದ ಆಯ್ಕೆ ಮಂಡಳಿ ಇದೆ, ಕಂಪ್ಯೂಟರಿನಲ್ಲಿ ನಡೆಯುವ ಪೈಲಟ್ ಸಾಮರ್ಥ್ಯದ ಪರೀಕ್ಷೆ ಇದೆ. 

ಅಳತೆಯಲ್ಲಿ ದಾಟದವರು ಎದೆಗುಂದಬೇಕಿಲ್ಲ. ನಾಗರಿಕ ವಿಮಾನದ ಪೈಲಟ್‌ಗಳಿಗೆ ಕನ್ನಡಕ ಹಾಕಿಕೊಂಡು 6/6 ಬಂದರೆ ಸಾಕು. ಬಜಪೆಯಲ್ಲಿ ಇಳಿಯುವ ವಿಮಾನಗಳ ಕಾಕ್‌ಪಿಟ್ಟಿನಲ್ಲಿ ಕನ್ನಡಕದವರೂ ಇರುತ್ತಾರೆ. ವಾಯುಪಡೆಯ ತಾಂತ್ರಿಕ ಮತ್ತು ಆಡಳಿತ ವಿಭಾಗಗಳಲ್ಲಿ ಒಂದು ಮಿತಿಯವರೆಗೆ ಪವರ್ ನಡೆಯುತ್ತದೆ. ವಿಮಾನಗಳಿಗೆ ನೆಲದಿಂದ ದಾರಿ ತೋರಿಸುವ ಏರ್ ಟ್ರಾಫಿಕ್ ಕಂಟ್ರೋಲರ್ ಕೆಲಸ ಇದೆ. ಅಂದು ಗ್ರೌಂಡ್ ಡ್ಯೂಟಿಯ ಬಗ್ಗೆ ನನ್ನನ್ನು ಕೇಳಿದ ಹುಡುಗ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದ.

ಕೊನೆಯದಾಗಿ ಸಣ್ಣ ಮಕ್ಕಳ ತಂದೆತಾಯಿಯರಿಗೆ ಒಂದು ಮಾತು. ಕಣ್ಣು ಉದ್ದಕ್ಕೆ ಬೆಳೆಯುವುದು ಹೆಚ್ಚಾಗಿ ಆರರಿಂದ ಹದಿನಾರರ ನಡುವೆ, ಶಾಲೆಯ ವರ್ಷಗಳಲ್ಲಿ. ಹಗಲು ಬೆಳಕಿನಲ್ಲಿ ಹೊರಗೆ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪ ದೃಷ್ಟಿ ಕಡಿಮೆ ಎಂದು ಆಸ್ಟ್ರೇಲಿಯಾ, ತೈವಾನ್ ಮುಂತಾದ ಕಡೆ ನಡೆದ ಅಧ್ಯಯನಗಳು ತೋರಿಸಿವೆ. ನಮ್ಮ ಜಿಲ್ಲೆಯಲ್ಲಿ ನಾಲ್ಕು ತಿಂಗಳು ಮಳೆ. ಉಳಿದ ತಿಂಗಳುಗಳಲ್ಲಿ ಬೆಳಗ್ಗೆ ಟ್ಯೂಷನ್, ಹಗಲು ಶಾಲೆ, ಸಂಜೆ ಕೋಚಿಂಗ್, ರಾತ್ರಿ ಮೊಬೈಲು. ಮಗುವಿನ ಕಣ್ಣಿಗೆ ಬಿಸಿಲು ಬೀಳುವುದು ಬಸ್ಸು ಕಾಯುವಾಗ ಮಾತ್ರ. ಮಳೆ ಬಿಟ್ಟ ದಿನಗಳಲ್ಲಾದರೂ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬಯಲಿಗೆ ಬಿಡಿ. ವರ್ಷಕ್ಕೊಮ್ಮೆ ಕಣ್ಣು ತೋರಿಸಿ. ಪವರ್ ಬೇಗ ಏರುತ್ತಿದ್ದರೆ ಅದರ ಓಟ ನಿಧಾನ ಮಾಡುವ ಅಟ್ರೋಪಿನ್ ಹನಿ ಈಗ ಇದೆ, ಡಾಕ್ಟರನ್ನು ಕೇಳಿ. ಬೆಳೆದ ಕಣ್ಣನ್ನು ಗಿಡ್ಡ ಮಾಡುವ ಶಸ್ತ್ರಚಿಕಿತ್ಸೆ ಯಾವ ಊರಿನಲ್ಲೂ ಇಲ್ಲ.

ಪೈಲಟ್ ಆಗುವ ಆಸೆಯಿರುವ ಕಾಲೇಜು ವಿದ್ಯಾರ್ಥಿಗಳು ಈ ರಜೆಯಲ್ಲೇ ಮೂರು ಅಳತೆ ಮಾಡಿಸಿಕೊಳ್ಳಿ: ಕನ್ನಡಕದ ಪವರ್, ಕಾರ್ನಿಯಾದ ದಪ್ಪ, ಕಣ್ಣಿನ ಉದ್ದ. ಆ ಚೀಟಿಯನ್ನು ವಾಯುಪಡೆಯ ಅಧಿಸೂಚನೆಯ ಪಕ್ಕದಲ್ಲಿಟ್ಟು ಓದಿ. ಎರಡೂ ಹೊಂದಿದರೆ, ಇಪ್ಪತ್ತು ತುಂಬಿದ ಮೇಲೆ ಲೇಸರಿನ ಮಾತಾಡೋಣ.